ಬಾಣಂತಿಯ ಕೋಣೆಯಲ್ಲಿ ತೆಗೆದ ರಕ್ತ

ಆ ಬೆಳಿಗ್ಗೆ ಅಕ್ಕನ ಮನೆಯ ಪಡಸಾಲೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಕಂಬಕ್ಕೆ ಒರಗಿ ಕುಳಿತ ಭಾವ, ಅಂಗಿಯ ತೋಳು ಮಡಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತ ಅವರ ಮಗ, ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದ ಅಕ್ಕ, ಸೂಜಿ, ಹತ್ತಿ, ಮೂರು ಟ್ಯೂಬು ಹರಡಿಕೊಂಡ ನಾನು. ಪಡಸಾಲೆಯ ಎಡಕ್ಕೆ ಬಾಣಂತಿ ಕೋಣೆ. ಅದರೊಳಗೆ ಅಕ್ಕನ ಸೊಸೆ, ಅವಳ ಪಕ್ಕದ ತೊಟ್ಟಿಲಲ್ಲಿ ಎರಡು ತಿಂಗಳ ಹೆಣ್ಣುಕೂಸು. ಬಾಗಿಲಿಗೆ ಕಟ್ಟಿದ ಹಳೇ ಸೀರೆಯ ಪರದೆಯ ಸಂದಿನಿಂದ ಸಾಂಬ್ರಾಣಿ ಹೊಗೆ ತೆಳ್ಳಗೆ ಹೊರಗೆ ಬರುತ್ತಿತ್ತು.

ರಕ್ತ ಕೊಡಬೇಕಾಗಿದ್ದ ಮೂವರು ಮಾತ್ರ ಅಲ್ಲಿ ಇರಲಿಲ್ಲ. ಅವರು ತೋಟದ ಆಚೆ ಭಾವನ ಶೆಡ್ಡಿನಲ್ಲಿ ಅರಿಶಿನದ ಡ್ರಮ್ಮು ತಿರುಗಿಸುತ್ತಿದ್ದರು. ಅದರ ಗಡಗಡ ಸದ್ದು ಪಡಸಾಲೆಗೆ ಕೇಳುತ್ತಿತ್ತು.

ಮೊದಲು ಭಾವನ ಮಗನ ತೋಳಿನಿಂದ ತೆಗೆದೆ. ಆಮೇಲೆ ನನ್ನ ಎಡಗೈಗೆ ನಾನೇ ಪಟ್ಟಿ ಬಿಗಿದುಕೊಂಡು ನನ್ನದನ್ನೇ ತೆಗೆದೆ. ಮೂರನೆಯದಕ್ಕೆ ಪರದೆ ಸರಿಸಿ ಒಳಗೆ ಹೋದೆ. ಸೊಸೆ ಕೈ ಚಾಚಿದಳು. ಮೊಣಕೈವರೆಗೂ ಹಳದಿಯಾಗಿತ್ತು, ದಿನಾ ಅರಿಶಿನ, ಎಣ್ಣೆ ಹಚ್ಚಿ ನೀರು ಹಾಕಿಸಿಕೊಳ್ಳುವ ಕೈ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಹತ್ತಿ ಹಳದಿಯಾಗುತ್ತಿತ್ತು. ಸೋಪು ನೀರು ತರಿಸಿ ಮೂರು ಸಲ ತೊಳೆದ ಮೇಲೆ ನರ ಕಂಡಿತು. ಟ್ಯೂಬು ತುಂಬಿ ಅದರ ಮೇಲೆ ಹೆಸರು ಬರೆಯುವಾಗ, ಏನು ಬರೆಯುತ್ತಿದ್ದೀರಿ ಮಾವ ಎಂದು ಕೇಳಿದಳು. ನಂಬರು ಎಂದೆ. ಬಾಣಂತಿಯರಿಗೆಲ್ಲ ಮಾಡುವ ಪರೀಕ್ಷೆ ಎಂದು ಅಕ್ಕ ಅವಳಿಗೆ ಮೊದಲೇ ಹೇಳಿಟ್ಟಿದ್ದಳು. ನಾನು ಸೂಜಿ ತೆಗೆದ ಕೂಡಲೇ ಅಕ್ಕ ಚಿಟಿಕೆ ಅರಿಶಿನ ತಂದು ಚುಚ್ಚಿದ ಜಾಗಕ್ಕೆ ಒತ್ತಿದಳು. ನಮ್ಮ ಕಡೆ ಗಾಯ ಯಾವುದಾದರೂ ಔಷಧಿ ಅದೊಂದೇ.

ಆ ಮೂರು ಟ್ಯೂಬುಗಳ ಮೇಲೆ ನಾನು ಬರೆದದ್ದು ನಮ್ಮ ಹೆಸರುಗಳಲ್ಲ. ಶೆಡ್ಡಿನ ಮೂವರು ಆಳುಗಳ ಹೆಸರು, ಅವರ ವಯಸ್ಸು. ಮೂವತ್ತು ವರ್ಷ ಇದೇ ಕಸುಬು ಮಾಡಿದ್ದೇನೆ. ಅಂಥದ್ದನ್ನು ಮಾಡಿದ್ದು ಅದೊಂದೇ ಸಲ. ಒಂದೇ ಸಲ ಎಂದು ಹೇಳಿಕೊಂಡರೆ ಏನೂ ಕಡಿಮೆಯಾಗುವುದಿಲ್ಲ, ಆದರೂ ಹೇಳಿದ್ದೇನೆ.

ಗುಂಡ್ಲುಪೇಟೆಯ ಹೆದ್ದಾರಿಗೆ ಹೊಂದಿಕೊಂಡಂತೆ ನನ್ನದೊಂದು ಸಣ್ಣ ಲ್ಯಾಬಿತ್ತು. ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಲಾರಿ ಡ್ರೈವರುಗಳು ಸಕ್ಕರೆ ನೋಡಿಸಿಕೊಳ್ಳಲು ಬರುತ್ತಿದ್ದರು, ಈರುಳ್ಳಿ ಮಂಡಿಯ ಹಮಾಲಿಗಳು ಜ್ವರ ಬಂದಾಗ ಬರುತ್ತಿದ್ದರು. ಅವತ್ತು ತೆಗೆದದ್ದು ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಲು; ಆ ಪರೀಕ್ಷೆ ನನ್ನಲ್ಲಿ ಆಗುವಂಥದ್ದಲ್ಲ. ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಕಳಿಸಬೇಕು. ನಾಲ್ಕೈದು ದಿನಕ್ಕೆ ಫೋನಿಗೆ ರಿಪೋರ್ಟು ಬರುತ್ತದೆ.

ರಕ್ತ ತೆಗೆಯುವುದಕ್ಕೆ ಕೆಲವು ದಿನ ಮೊದಲು, ಭಾವ ಆಸ್ಪತ್ರೆಯ ಕಾಗದ ಹಿಡಿದು ಒಂದು ಮಧ್ಯಾಹ್ನ ಲ್ಯಾಬಿಗೆ ಬಂದಿದ್ದರು. ಹಿಂದಿನ ಎರಡು ಸುಗ್ಗಿ ಅವರ ಶೆಡ್ಡಿನಲ್ಲಿ ದುಡಿದಿದ್ದ ಆಳೊಬ್ಬ ಹೊಟ್ಟೆ ಹಿಂಡುತ್ತದೆ ಎಂದು ಊರೂರು ಸುತ್ತಿ ಕೊನೆಗೆ ಚಾಮರಾಜನಗರದ ದೊಡ್ಡಾಸ್ಪತ್ರೆ ಸೇರಿದ್ದ. ಅಲ್ಲಿನ ಒಬ್ಬ ಡಾಕ್ಟರಮ್ಮ ಅವನ ಬಾಯಿ ತೆರೆಸಿ ಒಸಡಿನ ಅಂಚಿಗೆ ಕಪ್ಪು ಗೆರೆ ಇರುವುದನ್ನು ಕಂಡಿದ್ದರು. ಏನು ಕೆಲಸ ಎಂದು ಕೇಳಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಸೀಸ ತುಂಬಿಕೊಂಡಿತ್ತು. ಶೆಡ್ಡಿನಲ್ಲಿ ಈಗ ಇರುವವರೆಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿ, ರಿಪೋರ್ಟು ತಮಗೂ ಬರಬೇಕು ಎಂದು ಡಾಕ್ಟರಮ್ಮ ಬರೆದಿದ್ದರು.

ಸೀಸ ಎಲ್ಲಿಂದ ಬಂತು ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ಯಾರೂ ದೂರ ಹೋಗಬೇಕಿಲ್ಲ. ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ನೋಡಲು ಒರಟು, ಮಣ್ಣಿನ ಬಣ್ಣ. ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಬೇರು, ಸಿಪ್ಪೆ ಉಜ್ಜಿ ಹೋಗುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಏನೂ ತೊಂದರೆ ಇಲ್ಲ. ಆದರೆ ಕೊಳ್ಳಲು ಬರುವವನು ಕೊಂಬನ್ನು ಅಂಗೈಗೆ ತಿಕ್ಕಿ ನೋಡುತ್ತಾನೆ. ಹೊಳಪಿಲ್ಲದಿದ್ದರೆ ಆ ಮೂಟೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾನೆ. ಅದಕ್ಕೆ ಕೊನೆಯ ಸುತ್ತಿನಲ್ಲಿ ನೀರು ಚಿಮುಕಿಸಿ ಒಂದು ಹಳದಿ ಪುಡಿ ಎರಚುತ್ತಾರೆ. ಅದರ ಚೀಲದ ಮೇಲೆ ಏನೂ ಬರೆದಿರುವುದಿಲ್ಲ. ನಾವೆಲ್ಲ ಅದನ್ನು ಬಣ್ಣ ಅಂತಲೇ ಕರೆಯುತ್ತಿದ್ದೆವು. ಸೀಸ ಇದ್ದದ್ದು ಅದರಲ್ಲಿ.

ಭಾವನ ಶೆಡ್ಡಿನ ಮೂವರು ಪುಣಜನೂರಿನವರು. ಗಂಡ, ಹೆಂಡತಿ, ಗಂಡನ ಅಣ್ಣ. ಗಂಡಸರಿಬ್ಬರು ಮೂಟೆ ಸುರಿದು ತುಂಬುವವರು. ಬಣ್ಣ ಎರಚುವುದು ಹೆಂಗಸಿನ ಕೆಲಸ. ಅವಳ ಕೈ ಹದವಾದದ್ದು, ಒಂದೇ ಸಮನೆ ಹಿಡಿಯುತ್ತದೆ ಎಂದು ಭಾವ ಹೊಗಳುತ್ತಿದ್ದರು. ಮೂಗಿಗೆ ಸೆರಗು ಸುತ್ತಿಕೊಂಡು ಬರಿಗೈಯಲ್ಲಿ ಎರಚುತ್ತಿದ್ದಳು.

"ನೋಡ್ಲಾ, ಇದೇನಾರ ಆಫೀಸರ್ ಕೈಗೆ ಸಿಕ್ರೆ ಶೆಡ್ಡಿಗೆ ಬೀಗ ಜಡೀತರ," ಎಂದು ಭಾವ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. "ಅವ್ರ್ ರಕ್ತ ಯಾಕ್ಲಾ ಬೇಕು? ನಮ್ದೇ ಕೊಡನ ಬುಡು."

ನಾನು ನಕ್ಕೆ. ಭಾವ ನಗಲಿಲ್ಲ. ಎಲ್ಲ ಯೋಚಿಸಿಕೊಂಡೇ ಬಂದಿದ್ದರು. ಗಂಡ ಆಳಿಗೆ ಬದಲು ತಮ್ಮ ಮಗ, ಒಂದೇ ವಾರಿಗೆ. ಅವನ ಅಣ್ಣನಿಗೆ ಬದಲು ನಾನು. ಇಬ್ಬರಿಗೂ ಐವತ್ತು ದಾಟಿದೆ. ಹೆಂಗಸಿಗೆ ಬದಲು ಸೊಸೆ. ಅವಳಿಗೆ ಬದಲು ಅಕ್ಕನೇ ಕೊಡಬಹುದಲ್ಲ ಎಂದೆ.

"ವಯಸ್ಸು ಒಂದುಕ್ಕೊಂದು ತಾಳೆ ಆಗ್ಬೇಡ್ವ? ಅದೂ ಅಲ್ದೆ, ಬಾಣಂತಿ ರಕ್ತದಂಗೆ ಸುದ್ದವಾದ್ದು ಇನ್ಯಾವುದ್ಲಾ ಅದೆ? ಎರಡು ತಿಂಗ್ಳಿಂದ ಒಸ್ಲು ದಾಟಿಲ್ಲ. ದೂಳು ಕಂಡಿಲ್ಲ. ಪಥ್ಯದ ಅನ್ನ, ತುಪ್ಪ, ಅರಿಶಿನದಾಲು, ಅಷ್ಟೇಯ."

ಭಾವ ಕೆಟ್ಟವರಲ್ಲ ಎಂದು ಬರೆದರೆ ಓದುವವರು ನಗಬಹುದು. ಅವ್ವ ಹೋದಾಗ ನನಗೆ ಏಳು ವರ್ಷ. ಅಕ್ಕ ನನ್ನನ್ನು ಕೈ ಹಿಡಿದು ಆ ಮನೆಗೆ ಕರೆತಂದಳು. ಭಾವನ ತಾಯಿ, ನಾನು ಅಜ್ಜಿ ಎನ್ನುತ್ತಿದ್ದವರು, ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕತೆ ಹೇಳಿದರು. ಇವತ್ತು ನಾನು ಬಾಯಿ ಬಿಟ್ಟರೆ ಬರುವ ಮಾತೆಲ್ಲ ಅವರದ್ದೇ. ನನ್ನನ್ನು ಓದಿಸಿದವರು, ಲ್ಯಾಬಿಗೆ ಜಾಗ ಗೊತ್ತುಮಾಡಿದವರು ಭಾವ. ಅವರ ಎದುರು ಇಲ್ಲ ಎನ್ನುವುದನ್ನು ನನಗೆ ಆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ನಾನೂ ಕಲಿಯಲಿಲ್ಲ. ಇದು ಸಬೂಬು, ಸಬೂಬು ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಭಾವನಿಗೂ ನನಗೂ ಸೀಸದ ಭಯ ಇದ್ದದ್ದು ಧೂಳಿನಲ್ಲಿ. ಡ್ರಮ್ಮಿನ ಹತ್ತಿರ ನಿಂತವನ ಮೂಗಿಗೆ ಹೋದರೆ ಕೆಟ್ಟದ್ದು, ಹೊಟ್ಟೆಗೆ ಹೋದರೆ ಅರಿಶಿನ ತಾನೇ ಎಂಬ ಲೆಕ್ಕ. ಲ್ಯಾಬಿನ ಬೋರ್ಡು ಹಾಕಿಕೊಂಡ ನಾನೂ ಹಾಗೇ ತಿಳಿದಿದ್ದೆ ಎಂದರೆ ನಂಬುವುದು ಕಷ್ಟ. ಯೋಚಿಸಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಆಳುಗಳಿಗೆ ವಿಷಯ ತಿಳಿಸಿದ್ದು ಅಕ್ಕ. ನಿಮಗೆ ಸೂಜಿ ಚುಚ್ಚೋದು ಬೇಡ ಅಂತ ನಮ್ಮೋರೇ ರಕ್ತ ಕೊಟ್ಟವ್ರೆ ಎಂದು ದೊಡ್ಡ ಉಪಕಾರದ ಹಾಗೆ ಹೇಳಿದ್ದಳಂತೆ. ಅವರೂ ಹಾಗೇ ತಿಳಿದರು. ರಕ್ತ ತೆಗೆದರೆ ಮೂಟೆ ಹೊರುವ ಶಕ್ತಿ ಹೋಗುತ್ತದೆ ಎಂದು ಹೆದರಿದ್ದ ಆ ಗಂಡಸರು ಅಕ್ಕನಿಗೆ ಕೈಮುಗಿದರಂತೆ.

ಐದನೇ ದಿನ ರಿಪೋರ್ಟು ಬಂತು. ಲ್ಯಾಬಿನಲ್ಲಿ ಒಬ್ಬನೇ ಇದ್ದೆ. ನನ್ನ ರಕ್ತದ್ದು ಮೊದಲು ತೆರೆದೆ, ಏನೂ ಇಲ್ಲ. ಭಾವನ ಮಗನದ್ದು ಮಿತಿಗಿಂತ ಚೂರು ಮೇಲೆ. ಅವನು ದಿನದ ಎರಡು ಹೊತ್ತು ಪೇಟೆಯ ಹೋಟೆಲಿನಲ್ಲಿ ತಿನ್ನುವವನು. ಮೂರನೆಯದು ಸೊಸೆಯದು. ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಇನ್ಯಾರದೋ ರಿಪೋರ್ಟು ಬಂದಿರಬೇಕೆಂದು ಎರಡು ಸಲ ಹೆಸರು ನೋಡಿದೆ. ಹೆಸರು ಇನ್ಯಾರದೋ ಆಗಿಯೇ ಇತ್ತು, ನಾನೇ ಬರೆದದ್ದು.

ಡ್ರಮ್ಮಿನ ಮುಖ ನೋಡದ ಹೆಂಗಸು. ಅವಳ ರಕ್ತದಲ್ಲಿ ಅಷ್ಟು ಸೀಸ ಎಲ್ಲಿಂದ? ಕುಳಿತಲ್ಲೇ ಒಂದೊಂದೇ ಹೊಳೆಯತೊಡಗಿತು. ಅಕ್ಕನ ಮನೆಯಲ್ಲಿ ಬಾಣಂತಿಗೆ ಬೆಳಿಗ್ಗೆ ಅರಿಶಿನ, ಬೆಲ್ಲ, ತುಪ್ಪದ ಉಂಡೆ, ಸಂಜೆ ಅರಿಶಿನ ಹಾಕಿ ಕುದಿಸಿದ ಹಾಲು, ನಡುವೆ ಲೇಹ್ಯ. ಅಜ್ಜಿ ಹಾಕಿಕೊಟ್ಟ ಕ್ರಮ. ಅಜ್ಜಿಯ ಕಾಲದಲ್ಲಿ ಡ್ರಮ್ಮೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಗೋಣಿತಟ್ಟಿನಲ್ಲಿ ಹಾಕಿ ಕಾಲಿನಲ್ಲಿ ಉಜ್ಜುತ್ತಿದ್ದರು. ಈಗ ಅಕ್ಕ ಬಾಣಂತಿಗೆಂದು ಶೆಡ್ಡಿಗೆ ಹೋಗಿ ತಾನೇ ಆರಿಸುತ್ತಾಳೆ. ಕೊನೇ ಸುತ್ತಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಣ್ಣ ಹಿಡಿದ ಕೊಂಬುಗಳನ್ನು ಮಡಿಲಿಗೆ ಹಾಕಿಕೊಂಡು ಬಂದು, ತೊಳೆದರೆ ಹೊಳಪು ಹೋಗುತ್ತದೆಂದು ಹಾಗೇ ಕುಟ್ಟಿ, ಜರಡಿ ಹಿಡಿದು, ಭರಣಿಯಲ್ಲಿ ತುಂಬಿಡುತ್ತಾಳೆ. ಮನೆಗೆ ಒಳ್ಳೆಯದು, ಅದರಲ್ಲೂ ಬಾಣಂತಿಗೆ ಎಲ್ಲಕ್ಕಿಂತ ಒಳ್ಳೆಯದು. ನನ್ನ ಹೆಂಡತಿ ಅವಳ ತವರಿಂದ ಬರುವ, ಡ್ರಮ್ಮು ಕಾಣದ ಒರಟು ಕೊಂಬನ್ನೇ ಕುಟ್ಟಿಕೊಳ್ಳುತ್ತಿದ್ದಳು. ಅರಿಶಿನದ ಮನೆ ನಂಟಸ್ತನ ಇಟ್ಟುಕೊಂಡು ಮಣ್ಣು ತಿಂತೀರಲ್ಲ ಎಂದು ಅಕ್ಕ ಅವಳನ್ನು ಹಂಗಿಸುತ್ತಿದ್ದಳು.

ಬೈಕು ಹತ್ತಿ ಸೀದಾ ಅಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅಕ್ಕ ಹಾಲಿಗೆ ಅರಿಶಿನ ಬೆರೆಸುತ್ತಿದ್ದಳು. ಫೋನು ತೋರಿಸಿದೆ, ಬಿಡಿಸಿ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ರಕ್ತ ನನ್ ಸೊಸೇದು, ಎಸ್ರು ಆ ಆಳೆಂಗ್ಸಿಂದು. ಅವ್ಳ ಎಸ್ರು ಬರ್ದುದ್ಕೆ ಅವ್ಳ ರೋಗ ಇದ್ಕೆ ಬಂದದ ಕಣ್ಲಾ. ನಿಂಗೆ ಬೇರೆ ಎಸ್ರು ಸಿಕ್ನಿಲ್ವ?"

ಹೆಸರಿನ ಜೊತೆ ರೋಗ ಬಂದಿದೆ ಎಂದು ಅವಳು ನಿಜವಾಗಿಯೂ ನಂಬಿದಳು. ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು ಮಾಡಿಕೊಂಡು ಹೋಗಿ ಸೊಸೆಗೂ ಕೂಸಿಗೂ ಇಳಿ ತೆಗೆದು ಬೀದಿಗೆ ಚೆಲ್ಲಿ ಬಂದಳು. ಬಂದವಳು ಅದೇ ಹಾಲಿನ ಲೋಟ ಎತ್ತಿಕೊಂಡು ಬಾಣಂತಿ ಕೋಣೆಗೆ ಹೋದಳು. ನಾನು ಅಡ್ಡ ನಿಂತೆ. ಅರಿಶಿನ ನಿಲ್ಲಿಸಿದರೆ ಸನ್ನಿ ಆಗುತ್ತದೆ, ಹೋದವಳನ್ನು ನೀನು ತಂದುಕೊಡುತ್ತೀಯ ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳದೇ ಮೊದಲ ಬಾಣಂತನದಲ್ಲಿ ಸನ್ನಿಯಾಗಿ ಸಾವಿನ ಹತ್ತಿರ ಹೋಗಿ ಬಂದಿದ್ದಳು, ಅಜ್ಜಿಯ ಲೇಹ್ಯದಿಂದ ಉಳಿದೆ ಎಂದೇ ತಿಳಿದಿದ್ದಳು. ನಾನು ಪಕ್ಕಕ್ಕೆ ಸರಿದೆ.

ಭಾವ ಬಂದರು. ಮಿಕ್ಕ ಎರಡು ರಿಪೋರ್ಟಿನಲ್ಲಿ ಹೆದರುವಂಥದ್ದೇನಿಲ್ಲ ಎಂದು ತಿಳಿದು ಅವರಿಗೆ ಸಮಾಧಾನವಾಯಿತು. ಮೂರನೆಯದಕ್ಕೆ, ನಾವೂ ಅದನ್ನೇ ತಿಂದೀವಿ, ಸತ್ತೋದ್ವಾ ಎಂದರು. ಆಸ್ಪತ್ರೆಯವರು ಕರೆದರೆ ಆಳು ಹೆಂಗಸನ್ನು ಕಳಿಸಿದರಾಯಿತು, ಮಾತ್ರೆ ಕೊಟ್ಟು ಕಳಿಸುತ್ತಾರೆ, ಸೊಸೆಯ ಹತ್ತಿರ ಬಾಯಿ ಬಿಟ್ಟರೆ ನೋಡು ಎಂದರು.

ನಾನು ಬಾಯಿ ಬಿಡಲಿಲ್ಲ. ಆರು ದಿನ. ಆ ಆರು ದಿನ ಬೆಳಿಗ್ಗೆ ಉಂಡೆ ಹೋಯಿತು, ಸಂಜೆ ಹಾಲು ಹೋಯಿತು, ಅವಳ ಎದೆಯಿಂದ ಕೂಸಿನ ಬಾಯಿಗೆ ಹೋಯಿತು. ಲ್ಯಾಬಿನಲ್ಲಿ ಬೇರೆಯವರ ರಕ್ತ ತೆಗೆಯುವಾಗ ಸಂಜೆ ಐದಾದರೆ, ಈಗ ಅಕ್ಕ ಹಾಲು ಕಾಯಿಸುತ್ತಿರುತ್ತಾಳೆ ಎಂದುಕೊಳ್ಳುತ್ತಿದ್ದೆ. ಅಂದುಕೊಂಡೇ ಮುಂದಿನವರ ಹೆಸರು ಕೂಗುತ್ತಿದ್ದೆ.

ಇದನ್ನು ಮುರಿದದ್ದು ನಾನಲ್ಲ, ಪುಣಜನೂರಿನ ಆ ಹೆಂಗಸು. ಬೆಂಗಳೂರಿನಿಂದ ಆಸ್ಪತ್ರೆಗೂ ಹೋಗಿದ್ದ ಅವಳ ಹೆಸರಿನ ರಿಪೋರ್ಟನ್ನು ಡಾಕ್ಟರಮ್ಮ ನೋಡಿ, ಕೂಡಲೇ ಕಳಿಸಿ ಎಂದು ಶೆಡ್ಡಿಗೆ ಹೇಳಿ ಕಳಿಸಿದ್ದರು. ಭಾವ ಅವಳನ್ನು ಬಸ್ಸು ಹತ್ತಿಸಿದರು. ಆಸ್ಪತ್ರೆಯಲ್ಲಿ ಮತ್ತೊಮ್ಮೆ ರಕ್ತ ತೆಗೆಯಲು ಕೈ ಚಾಚು ಎಂದಾಗ ಅವಳು ಹಿಂದೆ ಸರಿದಳಂತೆ. ಹೋದ ಸಲವೂ ಕೊಟ್ಟಿದ್ದೀಯಲ್ಲ, ಈಗ ಯಾಕೆ ಹೆದರಿಕೆ ಎಂದು ಡಾಕ್ಟರಮ್ಮ ಕೇಳಿದ್ದಾರೆ.

"ನಾನೆಲ್ಲಿ ಕೊಟ್ಟೆ ಅಮ್ಮಾರೆ? ದೊಡ್ಮನೆ ಚಿಕ್ಕವ್ವಾರು ನನ್ ಪಾಲ್ದೂ ಅವ್ರೇ ಕೊಟ್ಟವ್ರೆ. ಪುಣ್ಯಾತ್ಗಿತ್ತಿ, ಅಸಿ ಬಾಣಂತಿ ಬೇರೆ."

ಮುಚ್ಚಿಡಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಪಾಲಿಗೆ ಅದು ಮುಚ್ಚಿಡುವ ಮಾತೇ ಅಲ್ಲ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಉಪಕಾರ.

ಅರ್ಧ ಗಂಟೆಯಲ್ಲಿ ನನ್ನ ಫೋನು ಬಡಿಯಿತು. ಡಾಕ್ಟರಮ್ಮ ದನಿ ಎತ್ತರಿಸಲಿಲ್ಲ.

"ನಿಮ್ಮ ಲ್ಯಾಬಿನಿಂದ ಹೋದ ಟ್ಯೂಬಿನಲ್ಲಿ ಇದ್ದದ್ದು ಯಾರ ರಕ್ತ?"

ಟ್ಯೂಬು ಅದಲುಬದಲಾಗಿರಬಹುದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನೇ ಹೇಳುತ್ತಿದ್ದೆ ಕೂಡ. ಅಷ್ಟರಲ್ಲಿ ಅವರೇ, ಬಾಣಂತಿಯಂತೆ, ಹೌದಾ ಎಂದರು. ಹೌದು ಮೇಡಂ, ನಮ್ಮಕ್ಕನ ಸೊಸೆ, ಎರಡು ತಿಂಗಳ ಕೂಸಿದೆ ಎಂದೆ.

"ಇವತ್ತೇ ಇಬ್ಬರನ್ನೂ ಕರ್ಕೊಂಡು ಬನ್ನಿ. ಅವಳಿಗೆ ಕೊಡ್ತಿರೋ ಅರಿಶಿನಾನೂ ಒಂದು ಹಿಡಿ ತನ್ನಿ. ನಿಮಗೆ ಬೈಯೋದನ್ನ ಆಮೇಲೆ ಬೈತೀನಿ."

ಅಕ್ಕನ ಮನೆ ತಲುಪುವಾಗ ಮಧ್ಯಾಹ್ನದ ಊಟದ ಹೊತ್ತು. ಭಾವ, ಅವರ ಮಗ ಉಣ್ಣುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಸೀದಾ ಪರದೆ ಸರಿಸಿ ಒಳಗೆ ಹೋದೆ. ಸೊಸೆ ಕೂಸಿಗೆ ಹಾಲು ಕೊಟ್ಟು ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ನೆಲದ ಮೇಲೆ ಕುಳಿತೆ. ಟ್ಯೂಬಿನ ಮೇಲೆ ಬರೆದದ್ದು ನಂಬರಲ್ಲ ಎಂಬಲ್ಲಿಂದ ಶುರು ಮಾಡಿ ಅರಿಶಿನದ ಭರಣಿಯವರೆಗೆ ಎಲ್ಲ ಹೇಳಿದೆ. ರಿಪೋರ್ಟು ಬಂದು ಆರು ದಿನವಾಯಿತು ಎಂಬುದನ್ನೂ ಹೇಳಿದೆ. ಭೀಮನಬೀಡಿನ ಹುಡುಗಿ, ಮಾತು ಕಡಿಮೆ. ಕೂಸಿನ ಬೆನ್ನು ತಟ್ಟುವುದನ್ನು ಅವಳು ನಿಲ್ಲಿಸಲಿಲ್ಲ.

"ಆವತ್ತು ನನ್ನ ರಕ್ತಕ್ಕೆ ಅವಳ ಹೆಸರು ಹಾಕಿದ್ರಿ ಮಾವ," ಎಂದಳು. "ಈಗ ಔಷಧಿನ ಯಾರ ಹೆಸರಲ್ಲಿ ತಗೊಳ್ಲಿ?"

ಅವಳು ಎದ್ದಳು, ನಾನು ಪರದೆಯಾಚೆ ಬಂದೆ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು, ಬೇರೆ ಸೀರೆ ಉಟ್ಟಳು, ಕೂಸಿಗೆ ಟೋಪಿ ಹಾಕಿದಳು. ಹೊರಗೆ ಬಂದಾಗ ಅಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದು, ಮೂರು ತಿಂಗಳು ತುಂಬದೆ ಹೊಸಿಲು ದಾಟಬೇಡ ಕಣಮ್ಮಿ, ಗಾಳಿ ಸೋಕ್ತದ ಎಂದು ಗೋಗರೆದಳು. ಸೊಸೆ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅಡುಗೆಮನೆಗೆ ಹೋಗಿ ಭರಣಿಯನ್ನೇ ಎತ್ತಿಕೊಂಡು ಬಂದಳು. ಕಾರಿನ ಕೀಲಿ ಭಾವನ ಜೇಬಿನಲ್ಲಿತ್ತು, ಅವರು ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳ ಗಂಡ ಒಂದು ಸಲ ಎದ್ದು ನಿಂತು, ಅಪ್ಪನ ಮುಖ ನೋಡಿ ಕೂತುಕೊಂಡ. ಆಟೋದಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಭರಣಿ ನನ್ನ ತೊಡೆಯ ಮೇಲಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಪುಣಜನೂರಿನ ಹೆಂಗಸು ಕುಳಿತಿದ್ದಳು. ಸೊಸೆಯನ್ನು ಕಂಡು ದಡಕ್ಕನೆ ಎದ್ದು ಜಾಗ ಬಿಟ್ಟಳು. ನನಗಾಗಿ ರಕ್ತ ಕೊಟ್ಟುಬಿಟ್ಟು ನಿಮಗೂ ಆಸ್ಪತ್ರೆ ಆಯಿತಲ್ಲ ಚಿಕ್ಕವ್ವಾರೆ ಎಂದು ಕಣ್ಣೊರೆಸಿಕೊಂಡಳು. ಸೊಸೆ ಅವಳ ಸೆರಗು ಹಿಡಿದು ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರ ಕೈಯೂ ಒಂದೇ ಹಳದಿ. ನಾನು ಎದುರಿನ ಗೋಡೆಗೆ ಒರಗಿ ನಿಂತಿದ್ದೆ. ಕೂರಲು ಯಾರೂ ಹೇಳಲಿಲ್ಲ.

ಸೊಸೆಯ ರಕ್ತ ಈ ಸಲ ಅವಳದೇ ಹೆಸರಿನಲ್ಲಿ ಹೋಯಿತು. ಕೂಸಿನದನ್ನೂ ತೆಗೆದರು. ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕುವುದು ಕಷ್ಟ. ನರ್ಸು ಎರಡು ಸಲ ತಪ್ಪಿದಾಗ ಅಭ್ಯಾಸಬಲದಿಂದ ನಾನು ಮುಂದೆ ಹೋದೆ. ನೀವು ಮುಟ್ಟಬೇಡಿ ಎಂದಳು ಸೊಸೆ.

ಡಾಕ್ಟರಮ್ಮ ಭರಣಿಯ ಪುಡಿಯನ್ನು ಬೇರೆಯಾಗಿ ಪರೀಕ್ಷೆಗೆ ಕಳಿಸಿದರು. ಎದೆಹಾಲು ನಿಲ್ಲಿಸಬೇಡ, ಅರಿಶಿನ ನಿಲ್ಲಿಸು ಎಂದರು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಬರೆದು, ತಿಂಗಳಿಗೊಮ್ಮೆ ರಕ್ತ ನೋಡಬೇಕೆಂದರು. ದೊಡ್ಡಾಸ್ಪತ್ರೆಯ ಯಂತ್ರದಲ್ಲಿ ಅಂಕಿಗಳು ಸಂಜೆಗೇ ಬಂದವು; ಆಳು ಹೆಂಗಸಿನದು ಸೊಸೆಯದಕ್ಕಿಂತ ಬಹಳ ಮೇಲಿತ್ತು. ಅವಳನ್ನು ವಾರ್ಡಿಗೆ ಹಾಕಿಕೊಂಡರು. ಕೂಸಿನ ಅಂಕಿಯೂ ಇರಬಾರದ ಕಡೆ ಇತ್ತು. ಇಳಿಯುತ್ತದೆ, ಆದರೆ ಒಳಗೆ ಏನಾಗಿದೆ ಎನ್ನುವುದು ಮಾತು, ಓದು ಕಲಿಯುವ ವಯಸ್ಸಿಗೆ ಗೊತ್ತಾಗಬೇಕು ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ನನ್ನನ್ನು ಒಬ್ಬನನ್ನೇ ಒಳಗೆ ಕರೆದು ಕಾಗದ, ಪೆನ್ನು ಕೊಟ್ಟರು. ಮಿಕ್ಕ ಎರಡು ಟ್ಯೂಬಿನದನ್ನೂ ಸೇರಿಸಿ ಎಲ್ಲ ಬರೆದು ಸಹಿ ಹಾಕಿದೆ. ಬೈಯುತ್ತೇನೆ ಎಂದಿದ್ದವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೊಸೆ ಆಸ್ಪತ್ರೆಯಿಂದ ತವರಿಗೆ, ಭೀಮನಬೀಡಿಗೆ ಹೋದಳು. ತಿಂಗಳು ತಿಂಗಳು ರಕ್ತ ಕೊಟ್ಟಳು. ಅವಳದೂ ಕೂಸಿನದೂ ನಿಧಾನವಾಗಿ ಇಳಿಯಿತು. ಅಕ್ಕ ಹೊಸದಾಗಿ ಲೇಹ್ಯ ಮಾಡಿ, ಇದಕ್ಕೆ ಬಣ್ಣದ್ದು ಹಾಕಿಲ್ಲ ಎಂದು ಹೇಳಿ ಕಳಿಸಿದಳು. ಡಬ್ಬಿ ಮುಚ್ಚಳ ತೆಗೆಯದ ಹಾಗೇ ವಾಪಸ್ಸು ಬಂತು. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಅವಳ ದೃಷ್ಟಿಯಲ್ಲಿ ಮನೆ ಒಡೆದವನು ನಾನು. ಅದರಲ್ಲಿ ಅರ್ಧ ನಿಜ. ನನ್ನ ಲ್ಯಾಬಿನ ಮೇಲೆ ವಿಚಾರಣೆಯಾಯಿತು, ಬಾಗಿಲು ಹಾಕಿದೆ.

ಡಾಕ್ಟರಮ್ಮ ಆ ಇಬ್ಬರು ಗಂಡಸರನ್ನೂ ಕರೆತರಲು ಹೇಳಿದ್ದರು. ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಡ್ರಮ್ಮು ನಿಂತಿತ್ತು, ನೆಲ ತೊಳೆದಿತ್ತು, ಬಣ್ಣದ ಚೀಲಗಳಿರಲಿಲ್ಲ. ಭಾವ ಅವರಿಬ್ಬರಿಗೂ ರಿಪೋರ್ಟಿನ ಪ್ರತಿ ಕೊಟ್ಟು, ನಿಮಗೇನೂ ಆಗಿಲ್ಲ ಎಂದು ಹೇಳಿ ಕಳಿಸಿದ್ದರು. ಮಾರನೇ ವಾರ ಪುಣಜನೂರಿಗೆ ಬಸ್ಸು ಹತ್ತಿದೆ. ಕಾಡಿನ ಅಂಚಿನ ಆ ಮನೆಯಲ್ಲಿ ಹೆಂಗಸು ಒಬ್ಬಳೇ ಇದ್ದಳು; ವಾರ್ಡಿನಿಂದ ಆಗಷ್ಟೇ ಬಂದಿದ್ದಳು. ಗಂಡ, ಗಂಡನ ಅಣ್ಣ ಇಬ್ಬರೂ ಘಟ್ಟದ ಕೆಳಗೆ ತಮಿಳು ಸೀಮೆಯ ಒಂದು ಅರಿಶಿನದ ಶೆಡ್ಡಿಗೆ ಸೇರಿದ್ದಾರೆ ಎಂದಳು. ಅಲ್ಲಿಯೂ ಯಾರೋ ಆಳು ಕಾಯಿಲೆ ಬಿದ್ದಿದ್ದನಂತೆ; ಹೊಸಬರನ್ನು ತೆಗೆದುಕೊಳ್ಳುವಾಗ ರಕ್ತ ಸರಿಯಿದೆಯಾ ಎಂದು ಕೇಳುತ್ತಿದ್ದಾರಂತೆ.

"ನಿಮ್ ಕಾಗ್ದ ತೋರುಸ್ದೇಟ್ಗೆ ಡ್ರಮ್ಮಿನ್ ತಾವೇ ಕೆಲ್ಸ ಕೊಟ್ರಂತ ಬುದ್ದಿ," ಎಂದು ಅವಳು ನನಗೆ ಕೂರಲು ಚಾಪೆ ಹಾಸಿದಳು.

ಆ ಕಾಗದದಲ್ಲಿ ಇರುವುದು ಅವರ ರಕ್ತವಲ್ಲ, ಅವರನ್ನು ವಾಪಸ್ಸು ಕರೆಸು ಎಂದೆ. ಅವಳು ನನ್ನ ಎದುರಿಗೇ ಫೋನು ಮಾಡಿದಳು. ಗಂಡ ಮಾತ್ರ ಬಂದ, ಹತ್ತು ದಿನದ ಮೇಲೆ. ಅಣ್ಣ ಬರಲಿಲ್ಲ, ರಕ್ತ ಯಾರದಾದರೇನು, ನನ್ನ ಹೆಸರಲ್ಲಿ ಏನೂ ಇಲ್ಲ ಅಂತ ಬರೆದಿದ್ದಾರಲ್ಲ ಎಂದನಂತೆ. ಅವನ ಹೆಸರಿಗೆ ನಾನು ತೆಗೆದದ್ದು ನನ್ನ ರಕ್ತ.

ಆಷಾಢದಲ್ಲಿ ಆ ಶೆಡ್ಡಿನವರೇ ಅವನನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು, ಲೋಟ ಎತ್ತಲು ಆಗುತ್ತಿರಲಿಲ್ಲ. ನಾನೇ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಇಪ್ಪತ್ತು ದಿನ ವಾರ್ಡಿನಲ್ಲಿದ್ದ. ಕೈ ಅರ್ಧ ಬಂತು. ಈಗ ಪುಣಜನೂರಿನಲ್ಲಿ ಊರವರ ಮೇಕೆ ಮೇಯಿಸುತ್ತಾನೆ.